ಡಿಟಿಪಿ ಪ್ರಶ್ನೋತ್ತರ: ಫೋಟೊ ಮಾತ್ರ ಯಾಕೆ ಇಷ್ಟು ಸಣ್ಣ ಆಯ್ತು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಪುಟದ ಮೇಲಿನ ವಸ್ತುಗಳನ್ನು ಸ್ಕ್ರಿಪ್ಟ್ (ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ) ಬರೆದು ದೊಡ್ಡದು ಸಣ್ಣದು ಮಾಡುವುದು ಹೇಗೆ, ಮಾಡಲು ಹೋಗಿ ಎಡವಟ್ಟಾದರೆ ಏನು ಗತಿ ಅಂತ. ಜಾತ್ರೆ, ಬ್ರಹ್ಮಕಲಶ, ಮದುವೆ ಎಲ್ಲ ಒಟ್ಟಿಗೆ ಬರುವ ಸಮಯ ಅಲ್ವಾ, ಡಿಟಿಪಿಯವರಿಗೆ ಊಟಕ್ಕೂ ಪುರುಸೊತ್ತಿಲ್ಲ. ಅದಕ್ಕೇ ಇರಬೇಕು. ಆಜ್ಞೆಗಳ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ, ದೊಡ್ಡಕ್ಷರ ಸಣ್ಣಕ್ಷರ ನೋಡಿಕೊಂಡು ಹಾಕಿ. ಅದರಲ್ಲಿ ತಪ್ಪಿದರೆ ಪುಟ ಕಟ್ಟುವ ಸಾಫ್ಟ್‌ವೇರ್ ಇನ್‌ಡಿಸೈನ್ ಮುಲಾಜಿಲ್ಲದೆ ಎರರ್ ಕೊಡುತ್ತದೆ.

ಪ್ರಶ್ನೆ: ಉಡುಪಿಯಲ್ಲಿ ಡಿಟಿಪಿ ಅಂಗಡಿ ಇದೆ. ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ, 180 ಪುಟ, ಇನ್‌ಡಿಸೈನ್‌ನಲ್ಲಿ ಎ4 ಅಳತೆಗೆ ಕಟ್ಟಿ ಮುಗಿಸಿದ್ದೆ. ಈಗ ಸಮಿತಿಯವರು ಖರ್ಚು ಜಾಸ್ತಿ ಆಯಿತು, ಎ5 ಮಾಡಿ ಎನ್ನುತ್ತಾರೆ. ಗೊತ್ತಿರುವ ಹುಡುಗನೊಬ್ಬ ಸ್ಕ್ರಿಪ್ಟ್ ಬರೆದುಕೊಟ್ಟ. ಎಲ್ಲವನ್ನೂ 0.707ರಿಂದ ಗುಣಿಸುತ್ತದಂತೆ. ಓಡಿಸಿದರೆ ಲೇಖನಗಳು ಸರಿಯಾಗಿವೆ, ಜಾಹೀರಾತಿನ ಫೋಟೊಗಳು ಮಾತ್ರ ಫ್ರೇಮಿನ (ಫೋಟೊ ಕೂರುವ ಚೌಕಟ್ಟಿನ) ಮೂಲೆಯಲ್ಲಿ ಅಂಚೆಚೀಟಿಯಷ್ಟು ಆಗಿ ಕೂತಿವೆ. ಎಲ್ಲಿ ತಪ್ಪಿದೆ?

ಉತ್ತರ: ಹುಡುಗನ ಲೆಕ್ಕ ತಪ್ಪಿಲ್ಲ. ಎ4 ಎಂದರೆ 210 × 297 ಮಿಮೀ, ಎ5 ಎಂದರೆ 148 × 210. ಒಂದರಿಂದ ಇನ್ನೊಂದಕ್ಕೆ ಬರಲು 0.707ರಿಂದಲೇ ಗುಣಿಸಬೇಕು. ಅವನು ತಪ್ಪಿದ್ದು ಬೇರೆ ಜಾಗದಲ್ಲಿ. ಸ್ಕ್ರಿಪ್ಟ್ ತೆರೆದು ನೋಡಿ, 'ಆಲ್ ಪೇಜ್ ಐಟಮ್ಸ್' ಎಂಬ ಪದ ಸಿಗುತ್ತದೆ ಅಂತ ನನ್ನ ಅಂದಾಜು.

ಇನ್‌ಡಿಸೈನ್‌ನಲ್ಲಿ ಪುಟದ ಮೇಲಿನ ವಸ್ತುಗಳನ್ನು ಕೇಳಲು ಎರಡು ದಾರಿ ಉಂಟು. 'ಪೇಜ್ ಐಟಮ್ಸ್' ಎಂದು ಕೇಳಿದರೆ ಹೊರಗೆ ಕಾಣುವವು ಮಾತ್ರ ಬರುತ್ತವೆ. ಒಂದು ಗ್ರೂಪ್ (ಒಟ್ಟಿಗೆ ಕಟ್ಟಿದ ವಸ್ತುಗಳು) ಇದ್ದರೆ ಅದು ಒಂದೇ ವಸ್ತು. 'ಆಲ್ ಪೇಜ್ ಐಟಮ್ಸ್' ಎಂದು ಕೇಳಿದರೆ ಒಳಗೆ ಅಡಗಿದವೂ ಸೇರಿ ಎಲ್ಲವೂ ಸಾಲಾಗಿ ಬರುತ್ತವೆ: ಗ್ರೂಪ್, ಗ್ರೂಪಿನೊಳಗಿನ ಫ್ರೇಮ್, ಫ್ರೇಮಿನೊಳಗಿನ ಫೋಟೊ. ಈಗ ನಿಮ್ಮ ಸ್ಕ್ರಿಪ್ಟ್ ಏನು ಮಾಡಿತು ನೋಡಿ. ಗ್ರೂಪನ್ನು ಕುಗ್ಗಿಸಿತು, ಆಗ ಒಳಗಿನ ಫ್ರೇಮು, ಫೋಟೊ ಎರಡೂ ಅದರ ಜೊತೆಗೇ ಕುಗ್ಗಿದವು. ಆಮೇಲೆ ಫ್ರೇಮನ್ನು ಬೇರೆಯಾಗಿ ಹಿಡಿದು ಕುಗ್ಗಿಸಿತು, ಫೋಟೊ ಮತ್ತೆ ಕುಗ್ಗಿತು. ಕೊನೆಗೆ ಫೋಟೊವನ್ನೇ ಹಿಡಿದು ಮೂರನೇ ಸಲ. 100 ಮಿಮೀ ಅಗಲದ ಫೋಟೊ 70.7 ಆಗಬೇಕಿತ್ತು, 35.3 ಆಗಿ ಕೂತಿತು.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಹಳೆಯ ಫೈಲ್ ಪಕ್ಕದಲ್ಲಿಟ್ಟುಕೊಂಡು ಒಂದು ಫೋಟೊದ ಅಗಲ ಅಳೆಯಿರಿ. ಮೂಲದ ಅರ್ಧ ಆಗಿದ್ದರೆ ಎರಡು ಸಲ ಕುಗ್ಗಿದೆ, ಗ್ರೂಪಿನಲ್ಲಿ ಇರದ ಫೋಟೊಗಳು ಹೀಗಾಗುತ್ತವೆ. ಮೂರನೇ ಒಂದರಷ್ಟಕ್ಕೆ ಬಂದಿದ್ದರೆ ಮೂರು ಸಲ. ಇನ್ನೊಂದು ಮಾತು, ಲೇಖನಗಳು ಸರಿಯಾಗಿವೆ ಎಂದಿರಲ್ಲ, ಅವು ಯಾವ ಗ್ರೂಪಿನಲ್ಲೂ ಇಲ್ಲ, ಹಾಗಾಗಿ ಬಚಾವು. 'ಶುಭ ಕೋರುವವರು' ಅಂತ ಹೆಸರು, ಫೋನ್ ನಂಬರ್ ಹಾಕಿ ಗ್ರೂಪ್ ಮಾಡಿದ ಸಣ್ಣ ಜಾಹೀರಾತುಗಳನ್ನು ಒಮ್ಮೆ ನೋಡಿ. ಅಲ್ಲಿನ ಅಕ್ಷರ ಖಂಡಿತ ಎರಡು ಸಲ ಕುಗ್ಗಿರುತ್ತದೆ. ಫೋಟೊ ಸಣ್ಣದಾದದ್ದು ಕಣ್ಣಿಗೆ ಬಿತ್ತು, ಅಕ್ಷರ ಸಣ್ಣದಾದದ್ದು ಬಿದ್ದಿಲ್ಲ ಅಷ್ಟೆ. ದುಡ್ಡು ಕೊಟ್ಟವರ ಕಣ್ಣಿಗೆ ಮೊದಲು ಬೀಳುವುದು ಅದೇ.

ಪರಿಹಾರ ಸುಲಭ. ಆ ಪದ ತೆಗೆದು 'ಪೇಜ್ ಐಟಮ್ಸ್' ಹಾಕಿ, ಹಳೆಯ ಫೈಲಿನ ಪ್ರತಿಯ ಮೇಲೆ ಮತ್ತೆ ಓಡಿಸಿ. ಹಾಳಾದ ಫೈಲನ್ನು ರಿಪೇರಿ ಮಾಡಲು ಹೋಗಬೇಡಿ, ದಿನ ಹಾಳು.

ಆದರೆ ಇಲ್ಲಿಗೆ ಮುಗಿಯುವುದಿಲ್ಲ. ವಸ್ತುವನ್ನು ಕುಗ್ಗಿಸುವಾಗ ಯಾವ ಬಿಂದುವನ್ನು ಹಿಡಿದು ಕುಗ್ಗಿಸುತ್ತೀರಿ ಎನ್ನುವುದು ಮುಖ್ಯ. ಪ್ರತಿಯೊಂದನ್ನೂ ಅದರದರ ನಡುಬಿಂದುವಿನಿಂದ ಕುಗ್ಗಿಸಿದರೆ ಅವು ಇದ್ದಲ್ಲೇ ಇದ್ದು ಸಣ್ಣದಾಗುತ್ತವೆ, ನಡುವೆ ಜಾಗ ಬಾಯಿ ಬಿಡುತ್ತದೆ, ಪುಟ ಚಿಕ್ಕದಾದಾಗ ಕೆಳಗಿನವು ಪುಟದ ಹೊರಗೆ ಉಳಿಯುತ್ತವೆ. ಪುಟದ ಎಡ ಮೇಲ್ಮೂಲೆಯನ್ನು ಹಿಡಿದು ಕುಗ್ಗಿಸಬೇಕು. ಆಗ ಎಡದಿಂದ 20 ಮಿಮೀ ದೂರ ಇದ್ದದ್ದು 14.1ಕ್ಕೆ ಬರುತ್ತದೆ, ಮೇಲಿನಿಂದ 25 ಇದ್ದದ್ದು 17.7ಕ್ಕೆ. ಲೆಕ್ಕದ ತಲೆನೋವು ಬೇಡ ಎನ್ನುವವರು ಒಂದು ಪುಟದ ಎಲ್ಲವನ್ನೂ ಗ್ರೂಪ್ ಮಾಡಿ, ಗ್ರೂಪನ್ನು ಒಮ್ಮೆ ಕುಗ್ಗಿಸಿ, ಜಾಗಕ್ಕೆ ಸರಿಸಿ, ಮತ್ತೆ ಬಿಡಿಸುತ್ತಾರೆ. ನಡೆಯುತ್ತದೆ. ಆದರೆ ಬೇರೆ ಬೇರೆ ಲೇಯರಿನ (ಒಂದರ ಮೇಲೊಂದು ಇರುವ ಪದರಗಳ) ವಸ್ತುಗಳನ್ನು ಗ್ರೂಪ್ ಮಾಡಿದರೆ ಎಲ್ಲವೂ ಮೇಲಿನ ಲೇಯರಿಗೆ ಹೋಗಿಬಿಡುತ್ತವೆ. ಹಿನ್ನೆಲೆಗೆ ಒಂದು ಲೇಯರು, ಅಕ್ಷರಕ್ಕೆ ಒಂದು ಲೇಯರು ಅಂತ ಶಿಸ್ತಾಗಿ ಕೆಲಸ ಮಾಡುವವರಾದರೆ ಈ ದಾರಿ ಹಿಡಿಯಬೇಡಿ.

ಇನ್ನು ಲೇಖನಗಳ ವಿಷಯ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜಾಹೀರಾತನ್ನು ಕುಗ್ಗಿಸುವುದು ಬೇರೆ, ಲೇಖನವನ್ನು ಕುಗ್ಗಿಸುವುದು ಬೇರೆ. ಜಾಹೀರಾತು ಒಂದು ಚಿತ್ರ ಇದ್ದ ಹಾಗೆ, ಒಳಗಿನದೆಲ್ಲ ಸೇರಿ ಕುಗ್ಗಬೇಕು. ಅದಕ್ಕೆ 'ಟ್ರಾನ್ಸ್‌ಫಾರ್ಮ್' ಆಜ್ಞೆ. ಲೇಖನದಲ್ಲಿ ಕುಗ್ಗಬೇಕಾದದ್ದು ಫ್ರೇಮ್ ಮಾತ್ರ. ಅಕ್ಷರದ ಅಳತೆ ಎಷ್ಟಿರಬೇಕು ಎಂದು ನೀವು ಬೇರೆ ಕೂತು ತೀರ್ಮಾನ ಮಾಡಬೇಕು. ಅದಕ್ಕೆ 'ರೀಸೈಜ್' ಆಜ್ಞೆ, ಅದು ಫ್ರೇಮನ್ನು ಮಾತ್ರ ಮುಟ್ಟುತ್ತದೆ, ಒಳಗಿನದನ್ನು ಮುಟ್ಟುವುದಿಲ್ಲ. ಎಲ್ಲಕ್ಕೂ ಒಂದೇ ಕೋಲು ಹಿಡಿದು 0.707 ಮಾಡಿದರೆ 12 ಪಾಯಿಂಟಿನ ಅಕ್ಷರ 8.48 ಆಗುತ್ತದೆ. ಇಂಗ್ಲಿಷ್‌ಗೆ ಅದು ಹೇಗೋ ನಡೆದೀತು. ಕನ್ನಡದಲ್ಲಿ 'ಲಕ್ಷ್ಮೀನಾರಾಯಣ', 'ಶಾಸ್ತ್ರೋಕ್ತ' ಎಂದು 8 ಪಾಯಿಂಟಿನಲ್ಲಿ ಅಚ್ಚು ಹಾಕಿ ಮನೆಯ ಅಜ್ಜನ ಕೈಗೆ ಕೊಟ್ಟು ನೋಡಿ. ಒತ್ತಕ್ಷರ ಎಲ್ಲ ಕಪ್ಪು ಚುಕ್ಕೆ. ಅದೂ ಅಲ್ಲದೆ ಹೀಗೆ ಕುಗ್ಗಿಸಿದ ಮೇಲೆ ಪ್ಯಾರಾಗ್ರಾಫ್ ಸ್ಟೈಲಿನ (ಅಕ್ಷರದ ಅಳತೆ, ರೂಪ ಒಂದೇ ಕಡೆ ಹೇಳಿಡುವ ಸೆಟ್ಟಿಂಗಿನ) ಹೆಸರಿನ ಪಕ್ಕ ಪ್ಲಸ್ ಗುರುತು ಬರುತ್ತದೆ, ಎಂದರೆ ಆ ಅಕ್ಷರ ಸ್ಟೈಲಿನ ಮಾತು ಕೇಳುತ್ತಿಲ್ಲ ಎಂದು ಅರ್ಥ. ನಾಳೆ ಸ್ಟೈಲ್ ಬದಲಿಸಿದರೂ ಅದು ಬದಲಾಗುವುದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಜಾಹೀರಾತುಗಳಿಗೆಲ್ಲ ಒಂದು ಲೇಯರು ಮಾಡಿ, ಆ ಲೇಯರಿನಲ್ಲಿ ಹೊರಗೆ ಕಾಣುವ ವಸ್ತುಗಳಿಗೆ (ಗ್ರೂಪ್ ಇದ್ದರೆ ಗ್ರೂಪಿಗೆ) ಮಾತ್ರ ಟ್ರಾನ್ಸ್‌ಫಾರ್ಮ್ ಕೊಡಿ. ಲೇಖನದ ಫ್ರೇಮುಗಳಿಗೆ ರೀಸೈಜ್ ಕೊಟ್ಟು, ಸ್ಟೈಲಿನಲ್ಲಿ ಅಕ್ಷರವನ್ನು 10.5ಕ್ಕೆ ಇಳಿಸಿ. ಆಗ ಎಷ್ಟೋ ಕಡೆ ಪಠ್ಯ ಉಕ್ಕಿ ಹೊರಗೆ ಹೋಗುತ್ತದೆ, ಫ್ರೇಮಿನ ಮೂಲೆಯಲ್ಲಿ ಕೆಂಪು ಪ್ಲಸ್ ಕಾಣುತ್ತದೆ. ಸ್ಕ್ರಿಪ್ಟಿನಲ್ಲಿ ಪ್ರತಿ ಪಠ್ಯ ಫ್ರೇಮಿಗೂ 'ಓವರ್‌ಫ್ಲೋಸ್' ಎಂಬ ಗುಣ ಇದೆ, ಅದನ್ನು ಕೇಳಿದರೆ ಹೌದು ಅಥವಾ ಇಲ್ಲ ಎಂದು ಹೇಳುತ್ತದೆ. ಹೌದು ಎಂದ ಪುಟಗಳ ಸಂಖ್ಯೆಯನ್ನು ಒಂದು ಪಟ್ಟಿ ಮಾಡಿಸಿ, ಅವನ್ನು ಕೈಯಲ್ಲೇ ಸರಿ ಮಾಡಿ. ಇದನ್ನು ಸ್ಕ್ರಿಪ್ಟ್‌ಗೆ ವಹಿಸಬೇಡಿ, ಎಲ್ಲಿ ಪುಟ ಸೇರಿಸಬೇಕು, ಎಲ್ಲಿ ಒಂದು ಪ್ಯಾರಾ ಕತ್ತರಿಸಬೇಕು ಎನ್ನುವುದು ಅದಕ್ಕೆ ತಿಳಿಯುವುದಿಲ್ಲ.

ಪುಟ ಹೆಚ್ಚಾಗುತ್ತದೆ, ನೋಡಿ. ಎ5 ಮಾಡಿದ ಕೂಡಲೇ ಕಾಗದ ಅರ್ಧ ಆಗುತ್ತದೆ ಎಂದು ಸಮಿತಿಯವರು ತಿಳಿದಿದ್ದರೆ ಅದನ್ನು ಈಗಲೇ ಬಿಡಿಸಿ ಹೇಳಿ. ಅಚ್ಚಿನ ಪ್ಲೇಟ್ ಆದ ಮೇಲೆ ಹೇಳಿದರೆ ಬೈಗಳು ನಿಮಗೆ.

ಪ್ರಶ್ನೆ: ಎ5 ಅಲ್ಲ, ನಮ್ಮ ಪ್ರೆಸ್ಸಿನವರು 1/8 ಡೆಮಿ ಮಾಡಿ ಎನ್ನುತ್ತಾರೆ. ಅದಕ್ಕೂ 0.707 ಆಗುತ್ತದಾ? (ಮೂಡುಬಿದಿರೆಯ ಓದುಗರು)

ಉತ್ತರ: ಆಗುವುದಿಲ್ಲ. ಎ4ನ್ನು ಮಡಚಿದರೆ ಎ5, ಎರಡರ ಆಕಾರ ಒಂದೇ. 1/8 ಡೆಮಿ ಎಂದರೆ ಕಟಿಂಗ್ ಆದ ಮೇಲೆ 5.5 × 8.5 ಇಂಚು, ಮಿಮೀ ಲೆಕ್ಕದಲ್ಲಿ 139.7 × 215.9. ಅಗಲಕ್ಕೆ 0.665 ಬರುತ್ತದೆ, ಎತ್ತರಕ್ಕೆ 0.727. ಎರಡನ್ನೂ ಹಾಗೇ ಸ್ಕ್ರಿಪ್ಟಿಗೆ ಕೊಟ್ಟರೆ ದೇವರ ಮುಖ ಉದ್ದ ಆಗುತ್ತದೆ, ಅಧ್ಯಕ್ಷರ ಮುಖವೂ. ಎರಡರಲ್ಲಿ ಚಿಕ್ಕದನ್ನು ಎರಡೂ ಕಡೆಗೆ ಕೊಡಿ. 297ರ ಎತ್ತರ 197.6ಕ್ಕೆ ಬರುತ್ತದೆ, ಸುಮಾರು 18 ಮಿಮೀ ಜಾಗ ಮಿಕ್ಕುತ್ತದೆ. ಅದನ್ನು ಮೇಲೆ ಕೆಳಗೆ ಹಂಚಿ. ಹಳೆಯ ಪ್ರೆಸ್ಸಿನವರು ಎಲ್ಲದಕ್ಕೂ ಡೆಮಿ, ಕ್ರೌನ್ ಎಂದು ಹಳೆಯ ಕಾಗದದ ಅಳತೆಯ ಹೆಸರನ್ನೇ ಹೇಳುತ್ತಾರೆ. ಮೊದಲು ಅವರ ಕಟಿಂಗ್ ಅಳತೆ ಇಂಚಿನಲ್ಲಿ ಕೇಳಿ ಬರೆದುಕೊಳ್ಳಿ, ಆಮೇಲೆ ಸ್ಕ್ರಿಪ್ಟ್ ಮುಟ್ಟಿ.

ಪ್ರಶ್ನೆ: ಫ್ರೇಮಿನ ಅಗಲ 80 ಮಿಮೀ ಆಗಲಿ ಎಂದು ರೀಸೈಜ್‌ಗೆ 80 ಕೊಟ್ಟೆ. ಡಾಕ್ಯುಮೆಂಟಿನ ರೂಲರ್ ಮಿಲಿಮೀಟರಿನಲ್ಲೇ ಇದೆ. ಆದರೂ ಫ್ರೇಮ್ 28 ಮಿಮೀ ಚಿಲ್ಲರೆ ಆಗಿ ಬರುತ್ತಿದೆ. ಸಾಫ್ಟ್‌ವೇರ್ ಹಾಳಾಗಿದೆಯಾ? (ಸುರತ್ಕಲ್‌ನ ವಿದ್ಯಾರ್ಥಿ)

ಉತ್ತರ: ಸಾಫ್ಟ್‌ವೇರಿಗೆ ಏನೂ ಆಗಿಲ್ಲ ಮಾರಾಯ್ರೆ. ರೀಸೈಜ್ ರೂಲರ್ ನೋಡುವುದಿಲ್ಲ, ಅದಕ್ಕೆ ಗೊತ್ತಿರುವುದು ಪಾಯಿಂಟ್ ಮಾತ್ರ. ಒಂದು ಇಂಚಿಗೆ 72 ಪಾಯಿಂಟ್, ಒಂದು ಇಂಚಿಗೆ 25.4 ಮಿಮೀ. ಹಾಗಾಗಿ ನೀವು ಕೊಟ್ಟ 80 ಪಾಯಿಂಟ್ ಎಂದರೆ 28.2 ಮಿಮೀ. ಸರಿಯಾಗಿಯೇ ಕೊಟ್ಟಿದೆ. ಮಿಮೀಯನ್ನು 2.8346ರಿಂದ ಗುಣಿಸಿ ಕೊಡಿ, 80ಕ್ಕೆ 226.77 ಆಗುತ್ತದೆ. ಸ್ಕ್ರಿಪ್ಟಿನ ಮೇಲ್ಗಡೆ ಇದಕ್ಕೊಂದು ಸಣ್ಣ ಫಂಕ್ಷನ್ ಬರೆದಿಟ್ಟುಕೊಂಡರೆ ಮತ್ತೆ ಮತ್ತೆ ಗುಣಿಸುವ ಕೆಲಸ ಇಲ್ಲ.

ರೀಸೈಜ್ ನಾಲ್ಕು ವಿಷಯ ಕೇಳುತ್ತದೆ. ಯಾವ ಅಕ್ಷದ ಪ್ರಕಾರ ಅಳೆಯಬೇಕು, ಯಾವ ಮೂಲೆಯನ್ನು ಹಿಡಿದು ನಿಲ್ಲಿಸಬೇಕು, ಯಾವ ಬಗೆಯಲ್ಲಿ ಬದಲಿಸಬೇಕು, ಎಷ್ಟು. ಮೂರನೆಯದರಲ್ಲಿ ತುಂಬಾ ಜನ ಜಾರುತ್ತಾರೆ. 'ಈಗಿನ ಅಳತೆಯನ್ನು ಇಷ್ಟರಿಂದ ಗುಣಿಸು', 'ಈಗಿನ ಅಳತೆಗೆ ಇಷ್ಟು ಸೇರಿಸು', 'ಈಗಿನದು ಬಿಟ್ಟು ಇಷ್ಟೇ ಮಾಡು' ಎಂದು ಬೇರೆ ಬೇರೆ ಬಗೆ ಇವೆ. ಗುಣಿಸು ಎನ್ನುವ ಕಡೆ 226 ಕೊಟ್ಟರೆ ಫ್ರೇಮು ಅರಬ್ಬೀ ಸಮುದ್ರದವರೆಗೆ ಹೋಗಲು ನೋಡುತ್ತದೆ, ಇನ್‌ಡಿಸೈನ್ ಆಗುವುದಿಲ್ಲ ಎಂದು ಎರರ್ ಕೊಡುತ್ತದೆ.

ಪಾಯಿಂಟ್ ಗೊಡವೆ ಬೇಡ ಎಂದರೆ 'ಜಿಯೊಮೆಟ್ರಿಕ್ ಬೌಂಡ್ಸ್' ಇದೆ. ಅದು ರೂಲರಿನ ಅಳತೆಯನ್ನೇ ತೆಗೆದುಕೊಳ್ಳುತ್ತದೆ. ನಾಲ್ಕು ಸಂಖ್ಯೆ ಕೊಡಬೇಕು, ಆದರೆ ಕ್ರಮ ತಿರುವುಮುರುವು: ಮೇಲೆ, ಎಡ, ಕೆಳಗೆ, ಬಲ. ಶಾಲೆಯ ಗ್ರಾಫಿನಲ್ಲಿ ಅಡ್ಡ ಮೊದಲು, ಉದ್ದ ಆಮೇಲೆ ಎಂದು ಕಲಿತಿರುತ್ತೇವೆ, ಇಲ್ಲಿ ಉಲ್ಟಾ. ನಾನು ಇಷ್ಟು ವರ್ಷ ಆದ ಮೇಲೂ ಮಾನಿಟರಿನ ಅಂಚಿಗೆ 'ಮೇ-ಎ-ಕೆ-ಬ' ಎಂದು ಬರೆದು ಅಂಟಿಸಿದ್ದೇನೆ.

ಪ್ರಶ್ನೆ: ಕಾರ್ಕಳದಲ್ಲಿ ನಮ್ಮದು ಸ್ಟುಡಿಯೊ. ಮದುವೆ ಆಲ್ಬಮ್ ಇನ್‌ಡಿಸೈನ್‌ನಲ್ಲಿ ಮಾಡುತ್ತೇವೆ. ಫೋಟೊಗಳನ್ನು ಸ್ವಲ್ಪ ವಾರೆ ಇಟ್ಟಿರುತ್ತೇವೆ, 5 ಡಿಗ್ರಿ, 8 ಡಿಗ್ರಿ ಹಾಗೆ. ಎಲ್ಲ ಫೋಟೊ 100 × 60 ಮಿಮೀ ಇರಲಿ ಎಂದು ಸ್ಕ್ರಿಪ್ಟ್ ಓಡಿಸಿದರೆ ನೇರ ಇರುವವು ಸರಿ ಬರುತ್ತವೆ, ವಾರೆ ಇರುವವು ಒಂದೊಂದು ಒಂದೊಂದು ಅಳತೆ.

ಉತ್ತರ: ನಿಮ್ಮ ಸ್ಕ್ರಿಪ್ಟ್ ಜಿಯೊಮೆಟ್ರಿಕ್ ಬೌಂಡ್ಸ್ ಬಳಸುತ್ತಿದೆ. ಅದಕ್ಕೆ ವಾರೆ ಗೀರೆ ತಿಳಿಯದು. ಮೇಜಿನ ಮೇಲೆ ಒಂದು ಫೋಟೊವನ್ನು ಸ್ವಲ್ಪ ತಿರುಗಿಸಿ ಇಟ್ಟು, ಅದರ ಸುತ್ತ ಮೇಜಿನ ಅಂಚಿಗೆ ಸರಿಯಾಗಿ ನೇರ ಚೌಕ ಎಳೆಯಿರಿ. ಆ ಚೌಕದ ಅಳತೆಯನ್ನೇ ಅದು ಫೋಟೊದ ಅಳತೆ ಎಂದು ಹೇಳುವುದು. 100 × 60ರ ಫೋಟೊವನ್ನು 5 ಡಿಗ್ರಿ ತಿರುಗಿಸಿದರೆ ಆ ಚೌಕ 104.8 × 68.5 ಆಗುತ್ತದೆ. ಎತ್ತರದಲ್ಲಿ ಎಂಟೂವರೆ ಮಿಮೀ ವ್ಯತ್ಯಾಸ, ಬರೀ 5 ಡಿಗ್ರಿಗೆ! ಇನ್ನೂ ತಿರುಗಿಸಿದಷ್ಟೂ ಜಾಸ್ತಿ. ಅದಕ್ಕೇ ಒಂದೊಂದು ಕೋನಕ್ಕೆ ಒಂದೊಂದು ಅಳತೆ.

ರೀಸೈಜ್ ಬಳಸಿ, ಅಕ್ಷ ಎನ್ನುವ ಜಾಗದಲ್ಲಿ 'ಇನ್ನರ್ ಕೋಆರ್ಡಿನೇಟ್ಸ್' ಎಂದು ಕೊಡಿ. ಫೋಟೊವಿನ ಸ್ವಂತ ಅಡ್ಡ, ಸ್ವಂತ ಉದ್ದ ಎಂದು ಅರ್ಥ, ಎಷ್ಟು ತಿರುಗಿದ್ದರೂ ಲೆಕ್ಕಕ್ಕಿಲ್ಲ. ಮೂಲೆಯ ಬದಲು ನಡುಬಿಂದು ಹಿಡಿಯಿರಿ, ಆಗ ವಾರೆ ಇದ್ದದ್ದು ಇದ್ದಲ್ಲೇ ಇರುತ್ತದೆ. ಕೊಡಬೇಕಾದದ್ದು ಪಾಯಿಂಟ್, ಮೇಲಿನ ಉತ್ತರ ಓದಿದ್ದೀರಲ್ಲ.

ಇಷ್ಟಾದ ಮೇಲೆ ಫ್ರೇಮ್ ಸರಿ ಬಂತು, ಒಳಗಿನ ಫೋಟೊ ಹಳೆಯ ಅಳತೆಯಲ್ಲೇ ಇದೆ, ಮದುಮಗನ ಕಿವಿ ಕತ್ತರಿಸಿಹೋಯಿತು ಎಂದು ಮತ್ತೆ ಬರೆಯಬೇಡಿ. ರೀಸೈಜ್ ಫ್ರೇಮನ್ನು ಮಾತ್ರ ಮುಟ್ಟುತ್ತದೆ. ಮುಂದಿನ ಸಾಲಿನಲ್ಲೇ 'ಫಿಟ್' ಆಜ್ಞೆ ಹಾಕಿ, 'ಫಿಲ್ ಪ್ರಪೋರ್ಷನಲಿ' ಎಂಬ ಆಯ್ಕೆ ಕೊಡಿ. ಫೋಟೊ ಫ್ರೇಮನ್ನು ಪೂರ್ತಿ ತುಂಬುತ್ತದೆ, ಆಕಾರ ಕೆಡುವುದಿಲ್ಲ, ಅಂಚು ಸ್ವಲ್ಪ ಹೋಗಬಹುದು. ಅಂಚೂ ಹೋಗಬಾರದು ಎಂದರೆ ಬರೀ 'ಪ್ರಪೋರ್ಷನಲಿ', ಆಗ ಪಕ್ಕದಲ್ಲಿ ಖಾಲಿ ಉಳಿಯುತ್ತದೆ. 'ಕಂಟೆಂಟ್ ಟು ಫ್ರೇಮ್' ಮಾತ್ರ ಬೇಡ. ಅದು ಎಳೆದು ತುಂಬುತ್ತದೆ, ತೆಳ್ಳಗಿನ ಮದುಮಗಳು ದಪ್ಪ ಆಗಿ ಬಂದರೆ ಆಲ್ಬಮ್ ನಿಮ್ಮ ಅಂಗಡಿಯಲ್ಲೇ ಉಳಿಯುತ್ತದೆ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಬಂದ ಫೋಟೊಗಳನ್ನು ಎಷ್ಟು ದೊಡ್ಡದು ಮಾಡಬಹುದು? ಸ್ಕ್ರಿಪ್ಟ್ ಇದನ್ನು ಹೇಳುತ್ತದಾ? (ಕಿನ್ನಿಗೋಳಿ)

ಉತ್ತರ: ಹೇಳುತ್ತದೆ, ಚೆನ್ನಾಗಿಯೇ ಹೇಳುತ್ತದೆ. ಪ್ರತಿ ಫೋಟೊಗೂ 'ಎಫೆಕ್ಟಿವ್ ಪಿಪಿಐ' ಎಂಬ ಗುಣ ಇದೆ. ಈಗ ಪುಟದ ಮೇಲೆ ಇರುವ ಅಳತೆಗೆ ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಬೀಳುತ್ತವೆ ಎನ್ನುವ ಲೆಕ್ಕ ಅದು. 1200 ಪಿಕ್ಸೆಲ್ ಅಗಲದ ಫೋಟೊವನ್ನು 100 ಮಿಮೀ ಅಗಲಕ್ಕೆ ಹಾಕಿದರೆ 305 ಬರುತ್ತದೆ, ಆಫ್‌ಸೆಟ್ ಪ್ರಿಂಟಿಗೆ ಸಾಕು. ಅದನ್ನೇ ಎ4 ಪೂರ್ತಿ ಅಗಲಕ್ಕೆ ಹಿಗ್ಗಿಸಿದರೆ 145. ಪ್ರೆಸ್ಸಿನವರು ಫೋನ್ ಮಾಡುತ್ತಾರೆ, ಇಲ್ಲವೇ ಮಾಡದೆ ಹಾಗೇ ಅಚ್ಚು ಹಾಕುತ್ತಾರೆ, ಎರಡನೆಯದೇ ಹೆಚ್ಚು. ಕುಗ್ಗಿಸಿದರೆ ಈ ಸಂಖ್ಯೆ ಏರುತ್ತದೆ, 300 ಇದ್ದದ್ದು 70.7 ಶೇಕಡಾಕ್ಕೆ ಇಳಿಸಿದರೆ 424. ಅಳತೆ ಬದಲಿಸುವ ಸ್ಕ್ರಿಪ್ಟಿನ ಕೊನೆಗೆ ನಾಲ್ಕು ಸಾಲು ಸೇರಿಸಿ: 200ಕ್ಕಿಂತ ಕಡಿಮೆ ಇರುವ ಫೋಟೊಗಳ ಫೈಲ್ ಹೆಸರು, ಪುಟ ಸಂಖ್ಯೆ ತೋರಿಸಲಿ. ಇಲ್ಲಿ ಬೇಕಿದ್ದರೆ 'ಆಲ್ ಗ್ರಾಫಿಕ್ಸ್' ಬಳಸಿ, ಸುಮ್ನೆ ಓದುವುದಷ್ಟೇ ಆದ ಕಾರಣ ಎರಡೆರಡು ಸಲ ಕುಗ್ಗುವ ಭಯ ಇಲ್ಲ.

ಪ್ರಶ್ನೆ: ನಾವು ಮಂಗಳೂರಿನಲ್ಲಿ ಬ್ಯಾನರ್ ಕೆಲಸ ಮಾಡುವವರು, ಕೋರೆಲ್ ಡ್ರಾ. ಹತ್ತನೇ ಒಂದರ ಅಳತೆಯಲ್ಲಿ ಡಿಸೈನ್ ಮಾಡಿ, ಕೊನೆಗೆ ಮ್ಯಾಕ್ರೊ (ಕೋರೆಲ್‌ನ ಸ್ಕ್ರಿಪ್ಟ್) ಹಾಕಿ ಹತ್ತು ಪಟ್ಟು ಮಾಡುತ್ತೇವೆ. ಅಕ್ಷರ, ಚಿತ್ರ ಎಲ್ಲ ಸರಿ, ಬಾರ್ಡರ್ ಗೆರೆ ಮಾತ್ರ ಕೂದಲಿನಷ್ಟೇ ತೆಳ್ಳಗೆ ಉಳಿಯುತ್ತದೆ.

ಉತ್ತರ: ಗೆರೆಯ ದಪ್ಪ ವಸ್ತುವಿನ ಜೊತೆ ಹಿಗ್ಗಬೇಕೋ ಬೇಡವೋ ಎನ್ನುವುದು ಬೇರೆಯೇ ಸೆಟ್ಟಿಂಗು. ಕೋರೆಲ್‌ನಲ್ಲಿ ಔಟ್‌ಲೈನಿನ ಪ್ರಾಪರ್ಟಿಯಲ್ಲಿ 'ಸ್ಕೇಲ್ ವಿತ್ ಆಬ್ಜೆಕ್ಟ್' ಎಂಬ ಟಿಕ್ ಇದೆ. ಅದು ಹಾಕಿಲ್ಲದಿದ್ದರೆ 1 ಪಾಯಿಂಟ್ ಗೆರೆ ಹತ್ತು ಅಡಿಯ ಬ್ಯಾನರಿನಲ್ಲೂ 1 ಪಾಯಿಂಟೇ, ಎಂದರೆ 0.35 ಮಿಮೀ. ಹಂಪನಕಟ್ಟೆ ಸಿಗ್ನಲ್ಲಿನಲ್ಲಿ ನಿಂತವರಿಗೆ ಅದು ಕಾಣುವುದಿಲ್ಲ. ಡಿಸೈನ್ ಶುರು ಮಾಡುವಾಗಲೇ ಡೀಫಾಲ್ಟ್ ಗೆರೆಗೆ ಆ ಟಿಕ್ ಹಾಕಿಡಿ. ಇನ್ನೊಂದು, ಕೋರೆಲ್‌ನ ಮ್ಯಾಕ್ರೊದಲ್ಲಿ ಯುನಿಟ್ ಯಾವುದೆಂದು ನೀವು ಹೇಳದಿದ್ದರೆ ಅದು ಇಂಚು ಎಂದೇ ಹಿಡಿಯುತ್ತದೆ. ಮೊದಲ ಸಾಲಿನಲ್ಲೇ ಮಿಲಿಮೀಟರ್ ಎಂದು ಬರೆದುಬಿಡಿ.

ಇನ್‌ಡಿಸೈನ್‌ನಲ್ಲೂ ಇದೇ ಕಥೆ. 'ಟ್ರಾನ್ಸ್‌ಫಾರ್ಮ್ ಪ್ರಿಫರೆನ್ಸಸ್' ಒಳಗೆ ಗೆರೆಯ ದಪ್ಪಕ್ಕೆ ಒಂದು ಸ್ವಿಚ್ ಇದೆ. ನನ್ನ ಸ್ಕ್ರಿಪ್ಟುಗಳಲ್ಲಿ ಮೊದಲು ಅದು ಹೇಗಿದೆ ಎಂದು ನೋಡಿ ನೆನಪಿಟ್ಟು, ಬೇಕಾದ ಹಾಗೆ ಬದಲಿಸಿ, ಕೆಲಸ ಮುಗಿದ ಮೇಲೆ ಮೊದಲಿದ್ದಂತೆ ಮಾಡಿ ಬಿಡುತ್ತೇನೆ. ಬೇರೆಯವರ ಕಂಪ್ಯೂಟರಿನಲ್ಲಿ ಕೆಲಸ ಮಾಡಿದರೆ ಚಪ್ಪಲಿ ಬಿಟ್ಟಲ್ಲೇ ಹಾಕಿಕೊಂಡು ಬರುವ ಹಾಗೆ.

ಒಂದು ಅಡ್ಡಮಾತು. ಬಾಸೆಲ್ ಮಿಶನ್ನಿನವರು 1841ರಲ್ಲಿ ಇದೇ ಮಂಗಳೂರಿನಲ್ಲಿ ಕಲ್ಲಚ್ಚಿನ ಪ್ರೆಸ್ ಶುರು ಮಾಡಿದರು. 1843ರ 'ಮಂಗಳೂರ ಸಮಾಚಾರ' ಬಂದದ್ದು ಆ ಕಲ್ಲಚ್ಚಿನಲ್ಲೇ. ಆಮೇಲೆ ಸೀಸದ ಅಚ್ಚುಮೊಳೆಗಳು ಬಂದವು, ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಇಲ್ಲೇ ಅಚ್ಚಾಯಿತು. ಮೊಳೆಯ ಕಾಲದಲ್ಲಿ ಕುಗ್ಗಿಸುವುದು ಹಿಗ್ಗಿಸುವುದು ಎಂಬ ಮಾತೇ ಇಲ್ಲ. ದೊಡ್ಡ ಅಕ್ಷರ ಬೇಕೆಂದರೆ ದೊಡ್ಡ ಮೊಳೆ ಬೇರೆ ಎರಕ ಹೊಯ್ಯಬೇಕು, ಗೆರೆ ದಪ್ಪ ಬೇಕೆಂದರೆ ದಪ್ಪ ಪಟ್ಟಿ ಬೇರೆ ಇಡಬೇಕು. ಅಳತೆಗೊಂದು ಮೊಳೆ ಇದ್ದ ಕಾರಣ ಸಣ್ಣ ಅಕ್ಷರವನ್ನು ಸಣ್ಣದಕ್ಕೆ ತಕ್ಕ ಹಾಗೆ ಕೆತ್ತುವ ಅವಕಾಶ ಇತ್ತು. ನಾವು ಒಂದೇ ಫಾಂಟನ್ನು 8ಕ್ಕೂ 80ಕ್ಕೂ ಎಳೆಯುತ್ತೇವೆ, ಒತ್ತಕ್ಷರ ಮುಚ್ಚಿಹೋದರೆ ಪ್ರೆಸ್ಸಿನವರನ್ನು ಬಯ್ಯುತ್ತೇವೆ.

ಪ್ರಶ್ನೆ: ಶಾಲೆಯ ವಾರ್ಷಿಕ ಸಂಚಿಕೆ ಮಾಡಬೇಕು. ದುಡ್ಡು ಕೊಟ್ಟು ಸಾಫ್ಟ್‌ವೇರ್ ತರಲು ಆಗದು. ಉಚಿತವಾಗಿ ಸಿಗುವ ಸ್ಕ್ರೈಬಸ್‌ನಲ್ಲಿ ಈ ಕೆಲಸ ಆಗುತ್ತದಾ? ಪೈಥಾನ್ ಸ್ವಲ್ಪ ಗೊತ್ತು. (ಮಣಿಪಾಲದ ಹತ್ತಿರದ ಶಾಲೆಯೊಂದರ ಶಿಕ್ಷಕಿ)

ಉತ್ತರ: ಆಗುತ್ತದೆ ಮೇಡಂ, ಪೈಥಾನ್ ಗೊತ್ತಿದ್ದರೆ ಇನ್ನೂ ಒಳ್ಳೆಯದು, ಸ್ಕ್ರೈಬಸ್‌ನ ಸ್ಕ್ರಿಪ್ಟ್ ಅದರಲ್ಲೇ. 1.5.3ಕ್ಕಿಂತ ಹಳೆಯ ಆವೃತ್ತಿ ಬೇಡ, ಕನ್ನಡದ ಒತ್ತಕ್ಷರ ಸರಿ ಕೂರುವುದಿಲ್ಲ.

'ಗೆಟ್ ಪೇಜ್ ಐಟಮ್ಸ್' ಎಂದರೆ ಈಗಿನ ಪುಟದ ವಸ್ತುಗಳ ಪಟ್ಟಿ ಕೊಡುತ್ತದೆ, ಪ್ರತಿಯೊಂದಕ್ಕೂ ಹೆಸರು, ಬಗೆ, ಕ್ರಮಸಂಖ್ಯೆ. ಬಗೆ 2 ಎಂದಿದ್ದರೆ ಚಿತ್ರದ ಫ್ರೇಮ್, 4 ಎಂದಿದ್ದರೆ ಪಠ್ಯದ್ದು. 'ಸೈಜ್ ಆಬ್ಜೆಕ್ಟ್'ಗೆ ಅಗಲ, ಎತ್ತರ, ಹೆಸರು ಕೊಟ್ಟರೆ ಫ್ರೇಮು ಆ ಅಳತೆಗೆ ಬರುತ್ತದೆ. ಇಲ್ಲಿ ಒಂದು ನೆಮ್ಮದಿ, ಡಾಕ್ಯುಮೆಂಟ್ ಮಿಲಿಮೀಟರಿನಲ್ಲಿದ್ದರೆ ಕೊಡುವ ಸಂಖ್ಯೆಯೂ ಮಿಲಿಮೀಟರೇ. ಒಳಗಿನ ಚಿತ್ರ ಫ್ರೇಮಿನ ಜೊತೆ ಹೊಂದಿಕೊಳ್ಳಲು 'ಸೆಟ್ ಸ್ಕೇಲ್ ಇಮೇಜ್ ಟು ಫ್ರೇಮ್' ಹಾಕಿ, ಎರಡು ಕಡೆಯೂ 'ಟ್ರೂ' ಕೊಡಿ. ಎರಡನೆಯದು ಆಕಾರ ಕೆಡದಂತೆ ನೋಡಿಕೊಳ್ಳುತ್ತದೆ. ಗ್ರೂಪುಗಳಿಗೆ 'ಸ್ಕೇಲ್ ಗ್ರೂಪ್' ಬೇರೆ ಇದೆ, ಅದಕ್ಕೆ ಗುಣಕ ಮತ್ತು ಹೆಸರು ಕೊಟ್ಟರೆ ಸಾಕು.

ಅರುವತ್ತು ಮಕ್ಕಳ ಫೋಟೊ 25 × 32 ಮಿಮೀ ಅಳತೆಗೆ ಸಾಲಾಗಿ ಬರಬೇಕು ಎಂದಿಟ್ಟುಕೊಳ್ಳಿ. ಕೈಯಲ್ಲಿ ಮಾಡಿದರೆ ಮಧ್ಯಾಹ್ನ ಇಡೀ ಬೇಕು, ಸ್ಕ್ರಿಪ್ಟಿಗೆ ಒಂದೆರಡು ನಿಮಿಷ. ಮಕ್ಕಳಿಗೇ ಬರೆಯಲು ಕೊಡಿ, ಎಂಟು ಹತ್ತು ಸಾಲಿನ ಕೆಲಸ, ಖುಷಿಯಿಂದ ಮಾಡುತ್ತಾರೆ.

ಪ್ರಶ್ನೆ: ನಮ್ಮಲ್ಲಿ ಇನ್ನೂ ಪೇಜ್‌ಮೇಕರ್ 7. ಅದರಲ್ಲೂ ಹೀಗೆ ಮಾಡಬಹುದಾ?

ಉತ್ತರ: ಅಡೋಬಿಯವರು 2001ರಲ್ಲಿ 7 ತಂದರು, 2004ರಲ್ಲಿ ಮುಂದೆ ಮಾಡುವುದಿಲ್ಲ ಎಂದು ಬಿಟ್ಟರು. ಈಗ ಅದಕ್ಕೆ ಹೊಸದಾಗಿ ಸ್ಕ್ರಿಪ್ಟ್ ಬರೆಯುತ್ತಾ ಕೂರುವುದಕ್ಕಿಂತ, ಆ ಸಮಯದಲ್ಲಿ ಹಳೆಯ ನುಡಿ ಫಾಂಟಿನ ಫೈಲುಗಳನ್ನು ಯೂನಿಕೋಡ್‌ಗೆ ತಂದಿಟ್ಟುಕೊಳ್ಳಿ.

ಪ್ರಶ್ನೆ: ಸ್ಕ್ರಿಪ್ಟ್ ಓಡಿಸಿ ತಪ್ಪಾದರೆ ನೂರಾರು ಸಲ ಕಂಟ್ರೋಲ್ ಝಡ್ ಒತ್ತಬೇಕಾಗುತ್ತದೆ. ಬೇರೆ ದಾರಿ ಇಲ್ಲವಾ? (ಉಡುಪಿ, ರಥಬೀದಿ ಹತ್ತಿರದ ಅಂಗಡಿಯವರು)

ಉತ್ತರ: ಇನ್‌ಡಿಸೈನ್‌ನಲ್ಲಿ ಉಂಟು. ಇಡೀ ಸ್ಕ್ರಿಪ್ಟನ್ನು ಒಂದು ಫಂಕ್ಷನ್ ಒಳಗೆ ಹಾಕಿ, ಅದನ್ನು 'ಡು ಸ್ಕ್ರಿಪ್ಟ್' ಮೂಲಕ ಓಡಿಸಿ, ಅನ್‌ಡು ಮೋಡ್ ಎನ್ನುವ ಜಾಗದಲ್ಲಿ 'ಎಂಟೈರ್ ಸ್ಕ್ರಿಪ್ಟ್' ಕೊಡಿ. ಆಮೇಲೆ ಒಂದೇ ಸಲ ಕಂಟ್ರೋಲ್ ಝಡ್, ಎಲ್ಲ ಮೊದಲಿನಂತೆ. ಲಾಕ್ ಮಾಡಿದ ವಸ್ತು ಸಿಕ್ಕಿ ಸ್ಕ್ರಿಪ್ಟ್ ನಡುದಾರಿಯಲ್ಲಿ ನಿಂತರೆ ಅರ್ಧ ಪುಸ್ತಕ ಕುಗ್ಗಿ ಅರ್ಧ ಉಳಿಯುತ್ತದೆ, ಆಗ ಇದು ಜೀವ ಉಳಿಸುತ್ತದೆ. ಲಾಕ್ ಇದ್ದವನ್ನು ಬಿಟ್ಟು ಮುಂದೆ ಹೋಗು ಎಂದು ಮೊದಲೇ ಬರೆದಿಟ್ಟರೆ ಇನ್ನೂ ಒಳ್ಳೆಯದು, ಆದರೆ ಯಾವುದನ್ನು ಬಿಟ್ಟಿತು ಎಂದು ಕೊನೆಗೆ ಹೇಳಲಿ.

ಆದರೆ ಕಂಟ್ರೋಲ್ ಝಡ್ ಕೂಡ ಉಳಿಸದ ಒಂದು ತಪ್ಪು ಇದೆ, ನಾನೇ ಮಾಡಿದ್ದು. ಒಂದು ಯಕ್ಷಗಾನ ಮೇಳದ ತಿರುಗಾಟದ ಪುಸ್ತಿಕೆ. ಸಂಜೆ ಸ್ಕ್ರಿಪ್ಟ್ ಓಡಿಸಿದೆ, ಪುಟಗಳು ಎ5ಕ್ಕೆ ಚೆನ್ನಾಗಿ ಕೂತವು, ಸೇವ್ ಮಾಡಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಬೆಳಿಗ್ಗೆ ಬಂದು, ನಿನ್ನೆ ಸ್ಕ್ರಿಪ್ಟ್ ಓಡಿಸಿದ್ದೆನೋ ಇಲ್ಲವೋ ಎಂದು ಅನುಮಾನ. ಫೈಲಿನ ಮೊದಲ ಪುಟ ಖಾಲಿ ಇತ್ತು, ಅದನ್ನು ನೋಡಿ ಓಡಿಸಿಲ್ಲ ಎಂದುಕೊಂಡು ಮತ್ತೆ ಓಡಿಸಿದೆ, ಸೇವ್ ಮಾಡಿ ಮುಚ್ಚಿ ಚಹಾ ಕುಡಿಯಲು ಹೋದೆ. 0.707ನ್ನು 0.707ರಿಂದ ಗುಣಿಸಿದರೆ ಹೆಚ್ಚುಕಡಿಮೆ ಅರ್ಧ. ವಾಪಸು ಬಂದು ತೆರೆದರೆ ಕೋಡಂಗಿಯಿಂದ ಹಿಡಿದು ಮಹಿಷಾಸುರನವರೆಗೆ ಎಲ್ಲರೂ ಪುಟದ ಮೂಲೆಯಲ್ಲಿ ಗುಂಪಾಗಿ ನಿಂತಿದ್ದರು. ಬ್ಯಾಕಪ್ ಎರಡು ದಿನ ಹಳೆಯದು.

ಅಂದಿನಿಂದ ನನ್ನ ಸ್ಕ್ರಿಪ್ಟ್ ಕುಗ್ಗಿಸಿದ ಪ್ರತಿ ವಸ್ತುವಿಗೂ 'ಲೇಬಲ್' ಎಂಬ ಗುಣದಲ್ಲಿ 'ಆಯ್ತು' ಎಂದು ಬರೆದು ಹೋಗುತ್ತದೆ. ಇದು ಪ್ರಿಂಟಿನಲ್ಲಿ ಬರುವುದಿಲ್ಲ, ಫೈಲಿನ ಜೊತೆ ಸೇವ್ ಆಗುತ್ತದೆ. ಮತ್ತೆ ಓಡಿಸಿದರೆ ಮೊದಲು ಲೇಬಲ್ ನೋಡುತ್ತದೆ, 'ಆಯ್ತು' ಎಂದಿದ್ದರೆ ಮುಟ್ಟದೆ ಮುಂದೆ ಹೋಗುತ್ತದೆ. ಎರಡೇ ಸಾಲು. ಆ ಮೇಳದವರಿಗೆ ನಾನು ಇವತ್ತಿನವರೆಗೂ ಈ ಕಥೆ ಹೇಳಿಲ್ಲ, ಪುಸ್ತಿಕೆ ತಡ ಆದದ್ದು ಕರೆಂಟಿನಿಂದ ಎಂದೇ ಅವರು ನಂಬಿದ್ದಾರೆ.